ಕಾಯಿ ಬಿಚ್ಚುವ ಹೊತ್ತು

ವಾಡಿ ಜಂಕ್ಷನ್ನಿನಿಂದ ಊರ ಹೊರಗೆ ನಡೆದರೆ ರಸ್ತೆಯ ಎರಡೂ ಬದಿಗೆ ಎಕ್ಕಿ ಗಿಡಗಳು. ಎಲೆ ಮೊದಲೇ ಬೂದುಹಸಿರು; ಮೇಲೆ ಸಿಮೆಂಟಿನ ಧೂಳೂ ಕೂತಿರುವುದರಿಂದ ಗಿಡದ ಬಣ್ಣ ಎಷ್ಟು, ಕಾರ್ಖಾನೆಯದು ಎಷ್ಟು ಎಂಬುದು ಬೆರಳಾಡಿಸಿ ನೋಡಿದ ಮೇಲೆಯೇ ತಿಳಿಯುತ್ತದೆ. ಫೆಬ್ರವರಿ ಮುಗಿಯುತ್ತ ಬಂದಾಗ ಕಾಯಿಗಳು ಉಬ್ಬಿ ನಿಂತಿರುತ್ತವೆ. ಒಂದನ್ನು ಒತ್ತಿ ನೋಡಿ. ಒಳಗೆ ಏನೂ ಇಲ್ಲವೇನೋ ಎಂಬಂತೆ ತಗ್ಗುತ್ತದೆ, ಬಿಟ್ಟರೆ ಮತ್ತೆ ಮೇಲೇಳುತ್ತದೆ. ಹಸಿರು ತೊಗಟೆಯ ಕೆಳಗೆ ಗಾಳಿ ತುಂಬಿದ ನಾರಿನ ಮೆತ್ತೆ, ಅದರೊಳಗೆ ಇನ್ನೊಂದು ತೆಳ್ಳನೆಯ ಚೀಲ, ಆಮೇಲೆ ಬೀಜ.

ಕಾಯಿಯ ಒಂದು ಮಗ್ಗುಲಿಗೆ ಉದ್ದಕ್ಕೂ ಸಣ್ಣ ಗೆರೆಯೊಂದಿದೆ. ಬಿರಿಯುವುದು ಅಲ್ಲೇ, ಬೇರೆಲ್ಲೂ ಅಲ್ಲ. ಬಿರಿಯುವ ಒಂದೆರಡು ದಿನ ಮೊದಲು ಆ ಗೆರೆಯನ್ನು ಉಗುರಿನಿಂದ ಬಿಡಿಸಿದರೆ ಕಾಣುವ ಜೋಡಣೆ ನೋಡುವಂಥದ್ದು. ಚಪ್ಪಟೆಯಾದ ಕಂದು ಬೀಜಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಅರ್ಧ ಹೊದ್ದು ಮಲಗಿವೆ. ಪ್ರತಿ ಬೀಜದ ರೇಷ್ಮೆ ಎಳೆಗಳೂ ಒಂದೇ ದಿಕ್ಕಿಗೆ ಬಾಚಿದ ಹಾಗೆ ನಡುವಿನತ್ತ ಒರಗಿವೆ. ಇನ್ನೂ ತೇವವಿರುವುದರಿಂದ ಎಳೆಗಳು ಬಿಡಿಯಾಗಿಲ್ಲ. ಬಿಸಿಲಿಗಿಟ್ಟು ಕಾದರೆ ಮೊದಲು ಅಂಚಿನ ಬೀಜ ಅಲುಗುತ್ತದೆ, ಅದರ ಕುಚ್ಚು ಅರಳುತ್ತದೆ, ಪಕ್ಕದ್ದನ್ನು ದೂಡುತ್ತದೆ. ಗಾಳಿ ಬಂದರೆ ಎದ್ದು ಹೋಗುತ್ತವೆ. ಇಲ್ಲದಿದ್ದರೆ ಕಾಯಿಯ ಅಂಚಿನಲ್ಲಿ ಗುಂಪಾಗಿ ನಿಂತು ಕಾಯುತ್ತವೆ.

ನಾನು ಶಾಲೆಯ ಮೇಷ್ಟ್ರಲ್ಲ. ಗಿಡ, ಹಕ್ಕಿ, ಹುಳು ನೋಡುತ್ತ ತಿರುಗುವವನು. ಪರಿಚಯದ ಶಿಕ್ಷಕರೊಬ್ಬರು ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಪ್ಯಾಕಿಂಗ್ ವಿನ್ಯಾಸದ ಪ್ರಾಜೆಕ್ಟ್ ಕೊಟ್ಟಿದ್ದರು. ಒಂದು ಸರಕು ಆರಿಸಿಕೊಳ್ಳಿ, ಅದಕ್ಕೊಂದು ಪೊಟ್ಟಣವೋ ಡಬ್ಬಿಯೋ ಮಾಡಿಕೊಂಡು ಬನ್ನಿ ಅಂತ. ಬಂದದ್ದು ಬಹುಪಾಲು ಚಪ್ಪಲಿ ಡಬ್ಬಿಗಳು: ಮೇಲೆ ಬಣ್ಣದ ಹಾಳೆ, ಮಿನುಗು ಪುಡಿ, ದೊಡ್ಡಕ್ಷರದಲ್ಲಿ ಹೆಸರು, ಮೂಲೆಗೊಂದು ಲೋಗೊ. ಒಳಗೆ ಏನೂ ಇರಲಿಲ್ಲ. ಮಕ್ಕಳ ತಪ್ಪೇನೂ ಇಲ್ಲ. ಪ್ಯಾಕಿಂಗ್ ಎಂದರೆ ಮುಖಕ್ಕೆ ಬಣ್ಣ ಹಚ್ಚುವುದು ಎಂದೇ ಅಂಗಡಿಯ ಸಾಲುಗಳು ಅವರಿಗೆ ಕಲಿಸಿವೆ. ಡಬ್ಬಿಗಳನ್ನು ಬದಿಗಿಟ್ಟು ಎಕ್ಕಿ ಕಾಯಿ ಬಿಡಿಸಲು ಕೂತೆವು. ಬಿಡಿಸಿದ್ದು ನಾನು, ನೋಡಿದ್ದು ಅವರು. ಎಕ್ಕಿಯ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೇ ಪೆಟ್ಟು. ಅರಳಿದ ಬೀಜಗಳನ್ನು ಮತ್ತೆ ಕಾಯಿಯೊಳಗೆ ತುಂಬಿ ಮುಚ್ಚಿ ಎಂದಾಗ ಮಾತ್ರ ಕೈ ಹಾಕಲು ಬಿಟ್ಟೆ. ಸ್ವಲ್ಪ ಹೊತ್ತಿಗೆ ಹುಡುಗಿಯೊಬ್ಬಳು ಮುಖದ ಮೇಲಿನ ಕುಚ್ಚು ಊದುತ್ತ ಹೇಳಿದಳು: “ಸರ್, ಇದು ಮತ್ತ ಒಳಗ ಹೋಗವಲ್ದು ರೀ.”

ಆ ಕಾಯಿ ಮುಚ್ಚಲಿಕ್ಕೆ ಆಗಿದ್ದಲ್ಲ. ಇಂಥ ಗೆರೆಯಲ್ಲಿ, ಇಷ್ಟು ಒಣಗಿದಾಗ, ಒಂದೇ ಸಲ ಬಿಚ್ಚಲಿಕ್ಕೆ ಆಗಿದ್ದು. ನಮ್ಮ ತರಗತಿಗಳಲ್ಲಿ ತುಂಬುವುದು, ಮುಚ್ಚುವುದು, ಅಂಟಿಸುವುದು ಎಲ್ಲ ಇದೆ. ಬಿಚ್ಚುವವರು ಯಾರು, ಎಲ್ಲಿ, ಯಾವ ಕೈಯಿಂದ ಎಂದು ಯಾರೂ ಕೇಳುವುದಿಲ್ಲ.

ಅದೇ ಗಿಡದ ಮೇಲೆ ಕೆಂಪು-ಕಪ್ಪು ತಿಗಣೆಗಳೂ ಇದ್ದವು. ಅವು ಕಾಯಿ ಬಿರಿಯುವ ತನಕ ಕಾಯುವುದಿಲ್ಲ. ಸೂಜಿಯಂಥ ಮೂತಿಯನ್ನು ತೊಗಟೆ, ಮೆತ್ತೆ, ಚೀಲ ಎಲ್ಲ ದಾಟಿಸಿ ಬೀಜದ ರಸ ಹೀರುತ್ತವೆ. ಎಷ್ಟೇ ಚೆನ್ನಾಗಿ ಕಟ್ಟಿದರೂ ತೂತು ಮಾಡುವವನೊಬ್ಬ ಇರುತ್ತಾನೆ ಎಂಬುದನ್ನೂ ಮಕ್ಕಳು ಪುಸ್ತಕದಲ್ಲಿ ಬರೆದುಕೊಂಡರು.

ವಾಡಿಯ ಮಕ್ಕಳಿಗೆ ಇನ್ನೊಂದು ಚೀಲ ಹುಟ್ಟಿನಿಂದ ಗೊತ್ತು. ಐವತ್ತು ಕಿಲೋ ಸಿಮೆಂಟಿನ ಚೀಲ. ಅದರ ಬಾಯಿ ಎಲ್ಲಿದೆ ಎಂದು ಕೇಳಿದೆ. ಹೆಚ್ಚಿನವರು ಮೇಲಿನ ಅಂಚು ತೋರಿಸಿದರು. ಕಾರ್ಖಾನೆಯಲ್ಲಿ ಲೋಡಿಂಗ್ ನೋಡಿ ಬೆಳೆದ ಹುಡುಗನೊಬ್ಬ ಮಾತ್ರ ಮೂಲೆಗೆ ಬೆರಳಿಟ್ಟ. ಸರಿಯಾಗಿತ್ತು. ಚೀಲದ ಎರಡು ತುದಿಯೂ ಮುಚ್ಚಿಯೇ ಬರುತ್ತವೆ. ಮೇಲಿನ ಒಂದು ಮೂಲೆಯಲ್ಲಿ ಒಳಕ್ಕೆ ಮಡಿಚಿದ ಸಣ್ಣ ತೋಳು ಇರುತ್ತದೆ. ಯಂತ್ರದ ಕೊಳವೆ ಅದರೊಳಗೆ ತೂರಿ, ಗಾಳಿಯ ಜೊತೆ ಸಿಮೆಂಟನ್ನು ತುಂಬುತ್ತದೆ. ತೂಕ ತುಂಬಿ ಚೀಲ ಕೊಳವೆಯಿಂದ ಕಳಚಿ ಬಿದ್ದಾಗ ಒಳಗಿನ ಸಿಮೆಂಟೇ ಆ ತೋಳನ್ನು ಒತ್ತಿ ಮುಚ್ಚುತ್ತದೆ. ಹೊಲಿಗೆ ಬೇಡ, ಅಂಟು ಬೇಡ. ಜೊತೆಗೆ ಬಂದ ಗಾಳಿ ಹೊರಹೋಗಲು ಚೀಲದ ಮೈಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಸರಕಿನ ಭಾರವೇ ಬಾಗಿಲಿನ ಅಗುಳಿಯಾಗುವ ಈ ಉಪಾಯ ನನಗೆ ತುಂಬ ಹಿಡಿಸಿತು. ಯಾವ ಕಾಯಿಯಲ್ಲೂ ಇಂಥದ್ದನ್ನು ನಾನು ಕಂಡಿಲ್ಲ.

ಆದರೆ ಬಿಚ್ಚುವ ಹೊತ್ತು? ಅದಕ್ಕೆ ಆ ಚೀಲದಲ್ಲಿ ಏನೂ ಏರ್ಪಾಡಿಲ್ಲ. ಕಟ್ಟಡದ ಜಾಗದಲ್ಲಿ ಸಲಿಕೆಯಿಂದ ಹೊಟ್ಟೆಗೆ ಹೊಡೆದು ಎರಡು ತುದಿ ಹಿಡಿದು ಎತ್ತುತ್ತಾರೆ. ಒಂದಿಷ್ಟು ಪುಡಿ ಮೂಲೆಗಳಲ್ಲೇ ಉಳಿಯುತ್ತದೆ, ಒಂದಿಷ್ಟು ಎತ್ತಿದವನ ಮೂಗಿಗೆ ಹೋಗುತ್ತದೆ. ಅಕ್ಕಿ, ಬೇಳೆ ಚೀಲದ ಬಾಯಿಗೆ ಹಾಕುವ ಸರಪಳಿ ಹೊಲಿಗೆ ಹಾಗಲ್ಲ. ಸರಿಯಾದ ತುದಿಯ ದಾರ ಹಿಡಿದು ಎಳೆದರೆ ಸರ್ರನೆ ಕೊನೆಯ ತನಕ ಬಿಚ್ಚಿಕೊಳ್ಳುತ್ತದೆ; ತಪ್ಪು ತುದಿ ಹಿಡಿದರೆ ಗಂಟು ಬೀಳುತ್ತದೆ. ಕಿರಾಣಿ ಅಂಗಡಿಯವರ ಮಗಳು ಇದನ್ನು ಕಣ್ಣು ಮುಚ್ಚಿ ಮಾಡಿ ತೋರಿಸಿದಳು. ಆ ದಿನದ ಒಳ್ಳೆಯ ಪಾಠ ಅವಳದೇ.

ಹರಿದ ಸಿಮೆಂಟ್ ಚೀಲ ನಮ್ಮಲ್ಲಿ ಬೇಗ ಸಾಯುವುದಿಲ್ಲ. ಮಳೆಗೆ ಕೊಪ್ಪೆಯಾಗುತ್ತದೆ, ದನದ ಕೊಟ್ಟಿಗೆಗೆ ಪರದೆಯಾಗುತ್ತದೆ, ರಾಶಿಗೆ ಹಾಸುತ್ತಾರೆ. ಬಿಸಿಲಿನಲ್ಲಿ ಬಹಳ ದಿನ ಬಿದ್ದರೆ ನೇಯ್ದ ಪಟ್ಟಿಗಳು ಬಿಡಿಬಿಡಿಯಾಗಿ, ಕೈಯಲ್ಲಿ ಹಿಡಿದರೆ ಪುಡಿಯಾಗಿ ಮಣ್ಣಿಗೆ ಸೇರುತ್ತವೆ. ಅಲ್ಲಿಂದ ಮುಂದೆ ಅವನ್ನು ಯಾರೂ ಹೆಕ್ಕಲಾರರು.

ಮತ್ತೆ ಕಾಯಿಗೆ ಬರೋಣ. ಡಿಸೆಂಬರಿನಲ್ಲಿ ಸೇಡಂ, ಚಿತ್ತಾಪುರದ ಕಪ್ಪು ಹೊಲಗಳಲ್ಲಿ ತೊಗರಿ ಆಳೆತ್ತರ ನಿಂತಿರುತ್ತದೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಮಕ್ಕಳ ಮನೆಗಳಲ್ಲಿ ಅದಕ್ಕೂ ಎಷ್ಟೋ ಮೊದಲಿನಿಂದ ದಿನಾ ಬೇಯುವುದು ಅದೇ. ಕಾಯಿಯನ್ನು ಬೆಳಕಿಗೆ ಹಿಡಿದರೆ ಓರೆಯಾದ ತಗ್ಗುಗೆರೆಗಳು ಕಾಣುತ್ತವೆ. ಗೆರೆಗೂ ಗೆರೆಗೂ ನಡುವೆ ಒಂದು ಕಾಳು. ಒಂದು ಕೋಣೆಗೆ ಹುಳು ಬಿದ್ದರೂ ಪಕ್ಕದ್ದು ಉಳಿಯುವ ಸಾಧ್ಯತೆ ಇದೆ. ಮೈಮೇಲೆ ಅಂಟು ರೋಮ. ಬೆರಳು ಸವರಿದರೆ ಜಿಗುಟು ಹತ್ತುತ್ತದೆ.

ಇಷ್ಟಾದರೂ ಕಾಯಿಕೊರಕ ಬರುತ್ತದೆ. ಹೂವಿನಿಂದ ಕಾಯಿಗೆ ಬಂದ ಮರಿಹುಳು ಒಂದೇ ಕಡೆ ದುಂಡಗೆ ಕೊರೆದು, ತಲೆಯನ್ನು ಒಳಗಿಟ್ಟು, ಹಿಂಭಾಗವನ್ನು ಹೊರಗೇ ಬಿಟ್ಟು ತಿನ್ನುತ್ತದೆ. ಹತ್ತಿರ ಕೂತು ನೋಡಿದರೆ ಅವಸರವೇ ಇಲ್ಲ. ಒಂದು ಕೋಣೆ ಖಾಲಿ ಮಾಡಿ ಹಿಂದೆ ಸರಿದು ಮುಂದಿನ ಕಾಳಿಗೆ ಇನ್ನೊಂದು ತೂತು. ಗಿಡ ಬಗ್ಗಿಸಿ ತಟ್ಟಿ ಅಲ್ಲಾಡಿಸಿ ಕೆಳಗೆ ಹಾಸಿದ ತಾಡಪತ್ರಿಗೆ ಹುಳು ಉದುರಿಸುವ ರೈತರನ್ನು ಈ ಸೀಮೆಯಲ್ಲಿ ಎಲ್ಲರೂ ನೋಡಿರುತ್ತಾರೆ. ಕುರುಚಲು ಕಾಡಿನಲ್ಲಿ ಬಳ್ಳಿಯಾಗಿ ಹಬ್ಬುವ ಕಾಡುತೊಗರಿಯ ಕಾಯಿಗೆ ರೋಮ ಇನ್ನೂ ದಟ್ಟ, ಕೊರಕ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬಲಿತಾಗ ಸಿಡಿದು ಬೀಜ ಚೆಲ್ಲುವ ಗುಣವೂ ಅದಕ್ಕಿದೆ. ನಮ್ಮ ತೊಗರಿ ಹಾಗೆ ಸಿಡಿಯುವುದಿಲ್ಲ. ಕಟ್ಟಿಗೆಯಿಂದ ಬಡಿಯುವ ತನಕ ಕಾಯುತ್ತದೆ, ಯಾಕೆಂದರೆ ಸಿಡಿಯದ ಗಿಡದ ಬೀಜವನ್ನೇ ಮನುಷ್ಯರು ತಲೆಮಾರುಗಳಿಂದ ಎತ್ತಿಟ್ಟು ಬಿತ್ತಿದ್ದಾರೆ. ಬೀಜ ಹೊರಬರುವ ಹೊತ್ತನ್ನು ಗಿಡದ ಕೈಯಿಂದ ನಾವು ಕಸಿದುಕೊಂಡಿದ್ದೇವೆ.

ಕಾಯಿಯಿಂದ ಬಂದ ಕಾಳಿಗೆ ಮತ್ತೆ ಹೊದಿಕೆ ಬೇಕಲ್ಲ. ಕೆಂಪು ಮಣ್ಣು ಬಳಿದು ಒಣಗಿಸಿ ತೆಗೆದಿಡುವ ಪದ್ಧತಿ ಹಳೆಯದು. ಜೋಳಕ್ಕೆ ಹಗೇವು ಇತ್ತು: ನೆಲ ತೋಡಿ, ಸುತ್ತಲೂ ಹುಲ್ಲು ಕೊಟ್ಟು, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಕಾಳಿನ ಉಸಿರು, ಹುಳುಗಳ ಉಸಿರು ಎರಡೂ ಸೇರಿ ಒಳಗಿನ ಆಮ್ಲಜನಕ ತೀರಿಹೋಗುತ್ತದೆ, ಹುಳು ಅಲ್ಲೇ ಸಾಯುತ್ತವೆ. ಈಗ ಕಾರ್ಖಾನೆಗಳು ಪೊಟ್ಟಣಕ್ಕೆ ನೈಟ್ರೋಜನ್ ತುಂಬಿ ಮಾಡುವ ಕೆಲಸವೇ ಇದು. ಹಗೇವಿನ ಬಾಯಿ ತೆಗೆದವರು ಕೂಡಲೇ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಇದನ್ನು ಮರೆತವರ ಜೀವವೇ ಹೋದದ್ದಿದೆ.

ಬೇಳೆಗೆ ಅರ್ಧ ಕಿಲೋ ಪೊಟ್ಟಣ ಮಾಡಲು ಹೇಳಿದಾಗ ಮಕ್ಕಳು ಹಳೆಯ ಬಟ್ಟೆಯ ಚೀಲ, ದಪ್ಪ ಕಾಗದದ ಲಕೋಟೆ, ತಗಡಿನ ಡಬ್ಬಿ ತಂದರು. ಬಟ್ಟೆಯದು ಚಂದವಿತ್ತು, ಆದರೆ ಬೇಳೆಯ ಪುಡಿ ಹೊರಗೆ ಬಂತು. ಕಾಗದ ಮಳೆಗಾಲಕ್ಕೆ ಆಗದು. ಯಾವುದೂ ಪೂರ್ತಿ ಗೆಲ್ಲಲಿಲ್ಲ. ಶಿಕ್ಷಕರು ಅಂಕ ಕೊಟ್ಟದ್ದು ಗೆದ್ದ ಪೊಟ್ಟಣಕ್ಕಲ್ಲ, ಎಲ್ಲಿ ಸೋತಿತು ಎಂದು ಬರೆದವರಿಗೆ. ಒಳ್ಳೆಯ ಕೆಲಸ ಮಾಡಿದರು.

ಪೊಟ್ಟಣದ ಮೇಲಿನ ಹೆಸರುಪಟ್ಟಿಯ ಮಾತು ಬಂದಾಗ ಮಾತ್ರ ನಾನು ಸ್ವಲ್ಪ ಹಟ ಹಿಡಿದೆ. 2011ರ ಪೊಟ್ಟಣ ಸರಕುಗಳ ನಿಯಮದಂತೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು, ವರ್ಷ, ಗರಿಷ್ಠ ಮಾರಾಟ ಬೆಲೆ, ದೂರಿಗೆ ಫೋನು ಇಷ್ಟೂ ಇರಬೇಕು. ಆ ನಿಯಮ ಕೇಳುವುದು ಹಿಂದಿಯನ್ನೋ ಇಂಗ್ಲಿಷನ್ನೋ. ಬೇರೆ ಭಾಷೆ ಬೇಕಿದ್ದರೆ ಹೆಚ್ಚುವರಿಯಾಗಿ ಹಾಕಿಕೊಳ್ಳಬಹುದು. ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಲಿ ಎಂದು ರಾಜ್ಯ ಸರಕಾರ 2025ರಲ್ಲಿ ಸೂಚಿಸಿದೆ. ಮಕ್ಕಳ ಪಟ್ಟಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ನಿಮ್ಮ ಆಯಿ ಇದನ್ನು ಓದುತ್ತಾಳೇನು ಎಂದೆ. ಹೆಸರುಪಟ್ಟಿ ಏನು ಮಾಡಬಲ್ಲದು ಎಂಬುದಕ್ಕೆ ಹಳೆಯ ನಮೂನೆಯೊಂದು ಹತ್ತಿರವೇ ಇದೆ. ಚಿತ್ತಾಪುರ ತಾಲ್ಲೂಕಿನಲ್ಲೇ, ಭೀಮಾ ದಂಡೆಯ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ, ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಒಬ್ಬ ರಾಜನನ್ನು ಕೆತ್ತಿ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂದು ಬರೆದಿದ್ದಾರೆ. ಎರಡೇ ಪದ. ಅದಿಲ್ಲದಿದ್ದರೆ ಅವನು ಯಾವನೋ ರಾಜ, ಅಷ್ಟೆ. ಮಿನುಗು ಪುಡಿ ಹಾಕುವ ಮುನ್ನ ಒಮ್ಮೆ ಅದನ್ನು ಹೋಗಿ ನೋಡಿ ಬರಬೇಕು.

ಇನ್ನು ಕಾಡಿನ ಕಾಯಿಗಳು. ಚಿಂಚೋಳಿಯ ಕಾಡಿಗೆ 2011ರಲ್ಲಿ ವನ್ಯಜೀವಿಧಾಮದ ಹೆಸರು ಬಂತು, ವಿಸ್ತಾರ ಸುಮಾರು 135 ಚದರ ಕಿಲೋಮೀಟರು. ಒಳಗೆ ಎಲೆಯುದುರುವ ಕಾಡು, ಅಂಚಿನಲ್ಲಿ ತೇಗ, ಅಕೇಶಿಯಾ ನೆಡುತೋಪು. ಪೊಟ್ಟಣ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಗ್ರಾಣ ಬೇಡ. ತೇಗದ ಬೀಜ ಗಟ್ಟಿ ಓಟೆಯೊಳಗೆ, ಓಟೆ ಕಾಗದದಂಥ ಉಬ್ಬಿದ ಚೀಲದೊಳಗೆ. ಚಿಪ್ಸ್ ಪೊಟ್ಟಣದಲ್ಲಿ ಅರ್ಧ ಗಾಳಿಯೇ ಇದೆ ಎಂದು ಗೊಣಗುವ ಮಕ್ಕಳು ಇದನ್ನು ಚಟ್ ಎನಿಸಿ ಒಡೆದು ನಕ್ಕರು. ಓಟೆ ಮಾತ್ರ ಕಲ್ಲಿಗೂ ಜಗ್ಗಲಿಲ್ಲ. ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಹಾಗೆ ಹಲವು ಸಲ ಆದ ಮೇಲೆಯೇ ಅದು ಸಡಿಲುವುದು.

ಮುತ್ತಲ ಕಾಯಿ ಇನ್ನೂ ವಿಚಿತ್ರ. ಗೇಣಿಗೆ ತುಸು ಕಡಿಮೆ ಉದ್ದ, ಚಪ್ಪಟೆ, ಹಗುರ. ಬೀಜ ಒಂದೇ, ಅದೂ ತುತ್ತತುದಿಯಲ್ಲಿ. ಉಳಿದುದೆಲ್ಲ ಖಾಲಿ. ಯಾವ ಕಂಪನಿಯ ಲೆಕ್ಕದವನೂ ಇದನ್ನು ಒಪ್ಪುವುದಿಲ್ಲ, ಮುಕ್ಕಾಲು ಪಾಲು ಕತ್ತರಿಸು ಎನ್ನುತ್ತಾನೆ. ಕತ್ತರಿಸಿಯೇ ನೋಡಿದೆವು. ಮಹಡಿಯಿಂದ ಇಡೀ ಕಾಯಿ ಬಿಟ್ಟರೆ ಗಾಳಿಯಲ್ಲಿ ಹೊರಳಾಡುತ್ತ ಅಂಗಳ ದಾಟಿತು. ಕತ್ತರಿಸಿದ್ದು ಗೋಡೆಯ ಬುಡಕ್ಕೇ ಬಿತ್ತು. ಖಾಲಿ ಎಂದು ಕಂಡದ್ದು ರೆಕ್ಕೆ. ಇದೇ ಮರದ ಎಲೆಯನ್ನು ಕಡ್ಡಿ ಚುಚ್ಚಿ ಪತ್ರಾವಳಿ ಮಾಡುತ್ತಾರೆ. 2022ರ ಜುಲೈ 1ರಿಂದ ಥರ್ಮಾಕೋಲ್, ಪ್ಲಾಸ್ಟಿಕ್ ತಟ್ಟೆಗಳಿಗೆ ದೇಶದಲ್ಲೆಲ್ಲ ನಿಷೇಧವಿದೆ. ಮದುವೆ ಊಟದಲ್ಲಿ ಅವು ಇನ್ನೂ ಕಾಣುತ್ತವೆ, ಪತ್ರಾವಳಿ ಹುಡುಕಬೇಕು.

ಸೀತಾಫಲದ ಬಗ್ಗೆ ಮಕ್ಕಳು ತಾವೇ ಜಗಳ ತೆಗೆದರು. ಹಣ್ಣಾದರೆ ಮುಟ್ಟಿದಲ್ಲೇ ಕಣ್ಣು ಕಳಚುತ್ತದೆ, ಮೂರನೇ ದಿನಕ್ಕೆ ಕಪ್ಪಾಗುತ್ತದೆ; ಇದು ಕೆಟ್ಟ ಪ್ಯಾಕಿಂಗ್ ಎಂದು ಒಂದು ಗುಂಪು. ಇನ್ನೊಂದು ಗುಂಪಿನ ವಾದ: “ಅದು ಹೈದರಾಬಾದಿಗೆ ಹೋಗ್ಲಿಕ್ಕೆ ಹುಟ್ಟಿಲ್ಲ ರೀ. ಮಂಗ್ಯಾ ಅಲ್ಲೇ ತಿಂದು ಬೀಜ ಉಗುಳ್ಬೇಕು, ಅದಕ್ಕ ಸಾಕು.” ಎರಡನೇ ಗುಂಪಿನದೇ ಸರಿ. ಎಷ್ಟು ದೂರ, ಎಷ್ಟು ದಿನ ಎಂದು ಗೊತ್ತಿಲ್ಲದೆ ಹೊದಿಕೆಯನ್ನು ಒಳ್ಳೆಯದು ಕೆಟ್ಟದು ಎನ್ನಲಾಗದು. ಮಾರುವವರು ಕಣ್ಣುಗಳ ನಡುವೆ ಬಿಳುಪು ಮೂಡಿದ ಗಟ್ಟಿ ಕಾಯಿಯನ್ನೇ ಆರಿಸಿ, ಬುಟ್ಟಿಗೆ ಎಲೆ ಹಾಸಿ ಒಟ್ಟುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ರೊಟ್ಟಿ. ಬೇರೆ ಕಡೆ ಇಂಥ ಪ್ರಾಜೆಕ್ಟಿಗೆ ಮೊಟ್ಟೆ ಕೊಡುತ್ತಾರೆ: ಎತ್ತರದಿಂದ ಬಿಟ್ಟರೂ ಒಡೆಯದ ಹಾಗೆ ಕಟ್ಟಿ ಅಂತ. 1966ರಲ್ಲಿ ಮುಂಬೈಯಲ್ಲಿ ಆರಂಭವಾದ ಭಾರತೀಯ ಪ್ಯಾಕೇಜಿಂಗ್ ಸಂಸ್ಥೆಗೆ ನಮ್ಮ ಪಕ್ಕದ ಹೈದರಾಬಾದಿನಲ್ಲೂ ಕೇಂದ್ರವಿದೆ. ಬೀಳಿಸುವ, ಒತ್ತುವ, ಕುಲುಕುವ ಪರೀಕ್ಷೆಗಳು ಈ ವಿದ್ಯೆಯ ಮೊದಲ ಪಾಠ. ನಮ್ಮ ಮಕ್ಕಳಿಗೆ ಯಂತ್ರ ಬೇಕಾಗಲಿಲ್ಲ, ಚಿಂಚೋಳಿಯಿಂದ ಸೇಡಂಗೆ ಹೋಗುವ ಕೆಂಪು ಬಸ್ಸಿನ ಹಿಂದಿನ ಸೀಟು ಮೂರೂ ಪರೀಕ್ಷೆ ಒಟ್ಟಿಗೆ ಮಾಡುತ್ತದೆ. ಮೊಟ್ಟೆಯ ಬದಲು ಖಡಕ್ ಜೋಳದ ರೊಟ್ಟಿ. ಕಲಬುರಗಿ ರೊಟ್ಟಿ ಎಂಬ ಹೆಸರಿನಲ್ಲೇ ಮಹಿಳಾ ಸಂಘಗಳ ರೊಟ್ಟಿ ಈಗ ದೂರದ ಊರುಗಳಿಗೆ ಹೋಗುತ್ತಿರುವಾಗ ಈ ಪ್ರಶ್ನೆ ಆಟದ್ದೂ ಅಲ್ಲ.

ಬಹುಪಾಲು ಗುಂಪುಗಳು ರೊಟ್ಟಿಗಳನ್ನು ಮಲಗಿಸಿ, ಕೆಳಗೆ ಮೇಲೆ ಕಾಗದ ತುರುಕಿದವು. ಬಸ್ಸಿಳಿದು ಬಿಚ್ಚಿದರೆ ಚೂರು. ಶಹಾಬಾದಿನ ಹುಡುಗನೊಬ್ಬನ ಗುಂಪು ರೊಟ್ಟಿಗಳನ್ನು ಡಬ್ಬಿಯಲ್ಲಿ ನಿಲ್ಲಿಸಿತ್ತು. ಒಂದಕ್ಕೊಂದು ಒತ್ತಿ, ನಡುನಡುವೆ ಜೋಳದ ರವುದಿ ಕೊಟ್ಟು, ಅಂಚಿನ ಕೆಳಗೆ ದಂಟಿನ ಬೆಂಡು ಹಾಸಿ. ಅಲ್ಲೊಂದು ಇಲ್ಲೊಂದು ಅಂಚು ಮುರಿದಿತ್ತು, ಉಳಿದವು ಇಡಿಯಾಗಿದ್ದವು. ಹೀಗೆ ಯಾಕೆ ಇಟ್ಟಿ ಎಂದು ಕೇಳಿದರೆ ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸಿತು. “ಫರಸಿ ಯಾರರ ಮಲಗಸ್ತಾರೇನ್ರಿ?”

ಅವನ ಮನೆಯವರು ಲಾರಿಗೆ ಫರಸಿ, ಎಂದರೆ ನೆಲಕ್ಕೆ ಹಾಸುವ ಕಲ್ಲು, ಹೇರುವವರು. ಶಹಾಬಾದ್ ಕಲ್ಲು ಭೀಮಾ ಕಣಿವೆಯ ಹಳೆಯ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣಕಲ್ಲು. ಗಣಿಯಲ್ಲಿ ಪದರದ ಸಂದಿಗೆ ಉಳಿ ಇಟ್ಟರೆ ಸಮನಾದ ಹಾಸಾಗಿ ಏಳುತ್ತದೆ. ಆ ಹಾಸನ್ನು ಲಾರಿಯಲ್ಲಿ ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿ ಒರಗಿಸುತ್ತಾರೆ, ನಡುವೆ ಹುಲ್ಲು ಕೊಡುತ್ತಾರೆ. ಮಲಗಿಸಿದರೆ ರಸ್ತೆಯ ಪ್ರತಿ ಕುಣಿಗೂ ಅದು ನಡುವೆ ಬಾಗಬೇಕಾಗುತ್ತದೆ, ಕಲ್ಲು ಬಾಗುವುದಿಲ್ಲ, ಮುರಿಯುತ್ತದೆ. ನಿಂತ ಚಪ್ಪಡಿಗೆ ಆ ಬಾಗುವ ಪಾಡಿಲ್ಲ. ರೊಟ್ಟಿಗೂ ಅದೇ ನ್ಯಾಯ. ಭೌತಶಾಸ್ತ್ರದ ಪಾಠ ಅವನಿಗೆ ಇನ್ನೂ ಬಂದಿರಲಿಲ್ಲ, ಲಾರಿ ಬಂದಿತ್ತು.

ಕಟ್ಟುವುದನ್ನು ಹಕ್ಕಿಯಿಂದಲೂ ಕಲಿಯಬಹುದು. ಕಾಗಿಣಾ ದಂಡೆಯ ಈಚಲು, ಜಾಲಿಗಳಲ್ಲಿ ಮಳೆಗಾಲಕ್ಕೆ ಗೀಜಗ ನೇಯುತ್ತದೆ. ಗೂಡುಗಳು ಹೆಚ್ಚಾಗಿ ಮರದ ಮೂಡಣ ಬದಿಗೇ ತೂಗುವುದು ಗಮನಿಸಬೇಕಾದ ಸಂಗತಿ. ನೈರುತ್ಯದ ಗಾಳಿ, ಮಳೆ ಹೊಡೆಯುವುದು ಆಚೆ ಮಗ್ಗುಲಿಗೆ. ಗಂಡು ಹುಲ್ಲಿನ ಅಂಚು ಕಚ್ಚಿ, ಉದ್ದಕ್ಕೆ ಸೀಳಿ ತರುತ್ತದೆ. ಮೊದಲು ಒಂದು ಬಳೆ, ಆಮೇಲೆ ಅದರ ಮೇಲೆ ಟೊಪ್ಪಿಗೆಯಾಕಾರದ ಅರ್ಧ ಗೂಡು. ಅಲ್ಲಿಗೆ ನಿಲ್ಲಿಸಿ ರೆಕ್ಕೆ ಬಡಿದು ಕೂಗುತ್ತದೆ. ಹೆಣ್ಣು ಬಂದು ಒಳಹೊಕ್ಕು, ಎಳೆದು, ತೂಗಿ ನೋಡುತ್ತದೆ. ಒಪ್ಪಿದರೆ ಮೊಟ್ಟೆಯ ಕೋಣೆ, ಕೆಳಮುಖದ ಕೊಳವೆ ಪೂರ್ತಿಯಾಗುತ್ತವೆ. ಒಪ್ಪದಿದ್ದರೆ ಗಂಡು ಅದನ್ನು ಹಾಗೇ ಬಿಟ್ಟು ಬೇರೆ ಕಡೆ ಬಳೆ ಕಟ್ಟಲು ಶುರು. ಮಳೆಗಾಲ ಮುಗಿದ ಮೇಲೆ ಮರದಲ್ಲಿ ತೂಗುವ ಅರೆಬರೆ ಟೊಪ್ಪಿಗೆಗಳೆಲ್ಲ ತಿರಸ್ಕೃತ ನಮೂನೆಗಳು. ಪೂರ್ತಿ ಮಾಡಿ ತಂದು ಮೇಜಿನ ಮೇಲಿಡುವ ನಮ್ಮ ಪ್ರಾಜೆಕ್ಟಿಗಿಂತ ಈ ಪದ್ಧತಿ ಮೇಲು: ಅರ್ಧ ಆದಾಗಲೇ ಬಳಸುವವರ ಕೈಗೆ ಕೊಟ್ಟು ನೋಡುವುದು. ಉದುರಿದ ಗೂಡೊಂದನ್ನು ಬಿಡಿಸಿ ನೋಡಿದಾಗ ಹುಲ್ಲಿನ ನಡುವೆ ಬಿಳಿ ಪ್ಲಾಸ್ಟಿಕ್ ಪಟ್ಟಿಯೂ ಸಿಕ್ಕಿತು. ಯಾವುದೋ ಚೀಲದಿಂದ ಕಿತ್ತದ್ದು, ಹುಲ್ಲಿಗೆ ಹಾಕಿದಂಥದೇ ಗಂಟಿನಲ್ಲಿ ಅಚ್ಚುಕಟ್ಟಾಗಿ ನೇಯ್ದಿತ್ತು.

ಈ ಕಡೆಯ ಶಿಕ್ಷಕರಲ್ಲಿ ಒಂದು ಕೋರಿಕೆ. ಪ್ಯಾಕಿಂಗ್ ಪ್ರಾಜೆಕ್ಟನ್ನು ವರ್ಷದ ಕೊನೆಯ ವಾರಕ್ಕೆ ತಳ್ಳಬೇಡಿ. ಕಾಯಿಗಳು ಪರೀಕ್ಷೆಯ ವೇಳಾಪಟ್ಟಿ ನೋಡಿ ಬಲಿಯುವುದಿಲ್ಲ. ಗೀಜಗವನ್ನು ಆಗಸ್ಟಿನಲ್ಲಿ ದೂರದಿಂದ ನೋಡಿ, ಗೂಡು ಕೀಳಬೇಡಿ, ನವೆಂಬರಿನ ನಂತರ ಉದುರಿದ್ದನ್ನಷ್ಟೇ ಹೆಕ್ಕಿ. ಸೀತಾಫಲ ದಸರೆಯ ಹೊತ್ತಿಗೆ, ತೊಗರಿ ಡಿಸೆಂಬರು, ಜನವರಿಗೆ. ಮುತ್ತಲ ಕಾಯಿ ಮಾತ್ರ ಉದುರುವುದು ಏಪ್ರಿಲ್, ಮೇ ತಿಂಗಳಲ್ಲಿ, ಶಾಲೆಗೆ ರಜೆ ಇರುವಾಗ. ಊರಿಗೆ ಹೋಗುವ ಮಕ್ಕಳಿಗೆ ಹತ್ತು ಕಾಯಿ ಆರಿಸಿಕೊಂಡು, ಮುರಿಯದ ಹಾಗೆ ತಾವೇ ಏನಾದರೂ ಕಟ್ಟಿ, ರಜೆ ಮುಗಿದು ಶಾಲೆ ತೆರೆದ ದಿನ ತರಲು ಹೇಳಿ ಕಳಿಸಿ.